‘ಸೂಟಿ’ ಶಬ್ದದ ಮೂಲ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಆಡುನುಡಿಯಲ್ಲಿ ರಜೆಗೆ ‘ಸೂಟಿ’ ಎನ್ನುವರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ರಾಜ್ಯದಲ್ಲಿದ್ದ ಈ ಸೀಮೆಗೆ ಮರಾಠಿಯ ‘ಸುಟಿ’ ಬಂದುದು ಸಹಜವೇ. ‘ಸುಟಣೇ’ ಎಂದರೆ ಕಟ್ಟು ಕಳಚಿಕೊಳ್ಳುವುದು, ಬಿಡುಗಡೆ ಹೊಂದುವುದು. ಹಿಂದಿಯ ‘ಛುಟ್ಟಿ’ ಇದರ ದಾಯಾದಿ. ಇದನ್ನು ಪರಭಾಷೆಯ ಮಾತೆಂದು ಹಳಿದು ‘ರಜೆ’ ಎಂದು ತಿದ್ದುವವರುಂಟು. ಆದರೆ ‘ರಜೆ’ಯ ತವರು ಇನ್ನೂ ದೂರದ್ದು. ಅದು ಪಾರಸಿಯ ಮುಖಾಂತರ ಬಂದ ಅರಬ್ಬಿ ಶಬ್ದ; ಮೂಲಾರ್ಥ ಒಪ್ಪಿಗೆ, ಅನುಮತಿ. ಅಲ್ಲಿ ಕೊಡುವವನ ದನಿಯಿದೆ. ‘ಸೂಟಿ’ಯಲ್ಲಿ ಬಿಡಿಸಿಕೊಂಡವನ ದನಿ. ಮರಾಠಿಯಂತೂ ಎರಡನ್ನೂ ಇಟ್ಟುಕೊಂಡು, ಒಬ್ಬನು ಕೇಳಿ ಪಡೆವುದನ್ನು ‘ರಜಾ’ ಎಂದೂ ಎಲ್ಲರಿಗೂ ಸಲ್ಲುವುದನ್ನು ‘ಸುಟಿ’ ಎಂದೂ ವಿಂಗಡಿಸಿದೆ. ಇಂಗ್ಲಿಷಿನ ‘ಹಾಲಿಡೇ’ ಮೂಲತಃ ಪುಣ್ಯದಿನ. ಅದರ ದಾರಿಯೇ ಬೇರೆ. ‘ಬಿಡು’ ಧಾತುವಿನಿಂದಾದ ಅಚ್ಚಗನ್ನಡದ ‘ಬಿಡುವು’ ಅರ್ಥದಲ್ಲಿ ‘ಸೂಟಿ’ಗೇ ಹತ್ತಿರದ ನಂಟೆಂಬುದನ್ನು ತಿದ್ದುವವರು ಗಮನಿಸಬೇಕೆಂದು ನಮ್ಮ ಬಿನ್ನಹ.