ಪಿಪ್ ಎಂಬ ಉಗ್ರಾಣಿಯ ಕಥೆ

ನಮ್ಮ ಸಂಘದ ಕುಟುಂಬಗಳಲ್ಲಿ ಕಂಪ್ಯೂಟರ್ ಕೆಲಸದ ಮಗನೋ ಮಗಳೋ ಸೊಸೆಯೋ ಇಲ್ಲದ ಮನೆ ಈಗ ಅಪರೂಪ. ಈಚೆಗೊಂದು ಸಂಜೆ ನೆರೆಮನೆಯ ಹುಡುಗ ಕಪ್ಪು ಪರದೆಯ ಮುಂದೆ ಕುಳಿತು ಕೆಲಸ ಮಾಡುತ್ತಿದ್ದಾಗ ನಾವು ಹಿಂದೆ ನಿಂತು ನೋಡಿದೆವು. ‘ಪಿಪ್ ಇನ್‌ಸ್ಟಾಲ್’ ಎಂದು ಟೈಪ್ ಮಾಡಿ, ಮುಂದೆ ಒಂದು ಹೆಸರು ಸೇರಿಸಿ, ಗುಂಡಿ ಒತ್ತಿದ. ಸಾಲು ಸಾಲಾಗಿ ಏನೇನೋ ಹರಿದುಬಂತು. “ಇದನ್ನೆಲ್ಲ ಕಳಿಸುವವರು ಯಾರಪ್ಪ?” ಎಂದು ಕೇಳಿದೆವು. “ಯಾರೂ ಇಲ್ಲ ಅಂಕಲ್, ತಾನಾಗೇ ಬರುತ್ತೆ” ಎಂದ.

ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದ ನಮಗೆ ತಾನಾಗಿಯೇ ಬರುವ ವಸ್ತು ಲೋಕದಲ್ಲಿ ಯಾವುದೂ ಇಲ್ಲವೆಂಬುದು ಗೊತ್ತು. ಎಲ್ಲೋ ಒಬ್ಬ ಇಂಡೆಂಟು ನೋಡಿರುತ್ತಾನೆ, ಒಬ್ಬ ರಿಜಿಸ್ಟರಿನಲ್ಲಿ ಬರೆದಿರುತ್ತಾನೆ, ಒಬ್ಬ ಹೊತ್ತು ತಂದಿರುತ್ತಾನೆ. ಕಾಲೇಜಿನಲ್ಲಿ ವಿಜ್ಞಾನ ಓದಿದ್ದ ಹಳೆಯ ಚಪಲವೂ ಸೇರಿ, ಈ ಪಿಪ್ ಯಾರು, ಇದರ ಹುಟ್ಟೆಲ್ಲಿ, ಇದನ್ನು ಸಾಕುತ್ತಿರುವವರಾರು ಎಂದು ವಿಚಾರಿಸಲು ಹೊರಟೆವು. ವಿಚಾರ ಕೊನೆಗೆ ಶಿಕಾರಿಪುರದವರೆಗೂ ಬಂದೀತೆಂದು ಮಾತ್ರ ಎಣಿಸಿರಲಿಲ್ಲ.

ಪೈಥಾನ್ ಎಂಬುದು ಕಂಪ್ಯೂಟರಿಗೆ ಆಜ್ಞೆ ಬರೆಯುವ ಭಾಷೆ. ಹಾಲೆಂಡಿನ ಗಿಡೋ ವಾನ್ ರೋಸಂ ಅದನ್ನು 1991ರಲ್ಲಿ ಹೊರಗೆ ಬಿಟ್ಟರು. ಅದರ ಮೂಲಬರಹ ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಒಬ್ಬರು ನಕ್ಷೆ ಬರೆಯುವ ಪ್ರೋಗ್ರಾಂ ಮಾಡಿದರೆ ಮತ್ತೊಬ್ಬರು ಅದನ್ನೇ ಮೊದಲಿನಿಂದ ಮಾಡಬೇಕಾಗಿಲ್ಲ, ತಂದು ಬಳಸಿದರಾಯಿತು. ಹೀಗೆ ಕಟ್ಟಿಟ್ಟ ಒಂದೊಂದು ಗಂಟಿಗೂ ಪ್ಯಾಕೇಜ್ ಎಂದು ಹೆಸರು. ಬೇಕಾದ ಗಂಟನ್ನು ಹುಡುಕಿ ತಂದು, ಅದಕ್ಕೆ ಬೇಕಾಗುವ ಬೇರೆ ಗಂಟುಗಳನ್ನೂ ತಂದು, ಅದರದರ ಜಾಗದಲ್ಲಿ ಇಡುವವನು ಪ್ಯಾಕೇಜ್ ಮ್ಯಾನೇಜರ್. ನಮ್ಮ ಮಾತಿನಲ್ಲಿ ಉಗ್ರಾಣಿ.

ಮೊದಲ ವರ್ಷಗಳಲ್ಲಿ ಪೈಥಾನಿಗೆ ಉಗ್ರಾಣವೂ ಇರಲಿಲ್ಲ, ಉಗ್ರಾಣಿಯೂ ಇರಲಿಲ್ಲ. ಅವರವರ ಪ್ಯಾಕೇಜು ಅವರವರ ಮನೆಯಲ್ಲಿ. ಪರ್ಲ್ ಎಂಬ ಇನ್ನೊಂದು ಭಾಷೆಯವರು 1995ರಲ್ಲೇ ಸಿಪ್ಯಾನ್ ಎಂಬ ದೊಡ್ಡ ಭಂಡಾರವನ್ನು ತೆರೆದಿದ್ದರು. ಪೈಥಾನಿನವರಿಗೆ ಅದನ್ನು ನೋಡಿ ಸ್ವಲ್ಪ ಹೊಟ್ಟೆಯುರಿಯೂ ಇತ್ತು. 1998ರಲ್ಲಿ ಗ್ರೆಗ್ ವಾರ್ಡ್ ಎಂಬವರು ಗಂಟು ಕಟ್ಟುವ, ಬಿಚ್ಚುವ ಒಂದು ಸಾಮಾನ್ಯ ಕ್ರಮವನ್ನು ರೂಪಿಸಲು ತೊಡಗಿದರು. ಅದು 2000ದ ಹೊತ್ತಿಗೆ ಪೈಥಾನಿನೊಳಗೇ ಸೇರಿತು. ರಿಚರ್ಡ್ ಜೋನ್ಸ್ ಎಂಬವರು 2002ರಲ್ಲಿ ಸಲಹೆ ಕೊಟ್ಟ ಪಟ್ಟಿ 2003ರಲ್ಲಿ ನಡೆಯತೊಡಗಿತು. ಅದೇ ಪೈಪಿಐ. ಅದಕ್ಕೆ ‘ಚೀಸ್ ಅಂಗಡಿ’ ಎಂಬ ಅಡ್ಡಹೆಸರೂ ಉಂಟು. ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದ ಒಂದು ಪ್ರಹಸನದಲ್ಲಿ ಚೀಸ್ ಅಂಗಡಿಯಾತನ ಬಳಿ ಯಾವ ಬಗೆಯ ಚೀಸ್ ಕೇಳಿದರೂ ಇರುವುದಿಲ್ಲ. ಭಾಷೆಯ ಹೆಸರೂ ಆ ತಂಡದಿಂದಲೇ ಬಂದದ್ದು, ಹಾವಿನಿಂದಲ್ಲ. ಹೆಸರಿಟ್ಟವರಿಗೆ ತಮ್ಮನ್ನು ತಾವೇ ನಗುವ ಗುಣವಿತ್ತು, ಏಕೆಂದರೆ ಆರಂಭದಲ್ಲಿ ಅಲ್ಲಿದ್ದದ್ದು ಪಟ್ಟಿ ಮಾತ್ರ. ಸರಕು ಬಂದು ಕೂತದ್ದು ಆಮೇಲೆ.

2004ರಲ್ಲಿ ಫಿಲಿಪ್ ಈಬಿ ಎಂಬವರು ಸೆಟಪ್‌ಟೂಲ್ಸ್ ಎಂಬುದನ್ನು ಮಾಡಿದರು. ಅದರ ಜೊತೆ ಬಂದ ‘ಈಸಿ ಇನ್‌ಸ್ಟಾಲ್’ ಎಂಬ ಆಜ್ಞೆಯೇ ಪೈಥಾನಿನ ಮೊದಲ ನಿಜವಾದ ಉಗ್ರಾಣಿ. ತರುವುದರಲ್ಲಿ ಚುರುಕು. ಆದರೆ ತಂದದ್ದನ್ನು ತೆಗೆದುಹಾಕುವ ವಿದ್ಯೆ ಅದಕ್ಕೆ ಬರುತ್ತಿರಲಿಲ್ಲ. ನಡುವೆ ಏನಾದರೂ ಕೆಟ್ಟರೆ ಅರ್ಧ ಸಾಮಾನನ್ನು ನಡುಮನೆಯಲ್ಲಿ ಹರಡಿ ಹೊರಟುಬಿಡುತ್ತಿತ್ತು. ಕ್ರಮೇಣ ಅದರ ದುರಸ್ತಿಯೂ ನಿಧಾನವಾಯಿತು. ಕಾದು ಬೇಸತ್ತವರು ‘ಡಿಸ್ಟ್ರಿಬ್ಯೂಟ್’ ಎಂದು ಅದರ ಒಂದು ಕವಲನ್ನು ಬೇರೆ ನಡೆಸಿದರು. ಮೂಲಬರಹ ತೆರೆದದ್ದಾದ್ದರಿಂದ ಹೀಗೆ ಪಾಲಾಗಲು ಕೋರ್ಟು ಕಚೇರಿ ಬೇಕಿಲ್ಲ. ಕೆಲವು ವರ್ಷ ಎರಡು ಒಲೆ ಉರಿದವು. 2013ರಲ್ಲಿ ಮತ್ತೆ ಒಂದಾದವು. ನಮ್ಮ ಕಡೆಯ ಅವಿಭಕ್ತ ಕುಟುಂಬಗಳಲ್ಲಿ ಪಾಲಾದದ್ದನ್ನು ಕಂಡಿದ್ದೇವೆ, ಮತ್ತೆ ಒಂದಾದದ್ದನ್ನು ಕಂಡದ್ದು ಕಡಿಮೆ.

ಈ ನಡುವೆ 2008ರಲ್ಲಿ ಇಯಾನ್ ಬಿಕಿಂಗ್ ಎಂಬವರು ಪಿಪ್ ಅನ್ನು ಬಿಡುಗಡೆ ಮಾಡಿದರು. ‘ಪಿಪ್ ಪ್ಯಾಕೇಜುಗಳನ್ನು ಸ್ಥಾಪಿಸುತ್ತದೆ’ ಎಂಬ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳೇ ಅದರ ಹೆಸರು, ಹೆಸರಿನೊಳಗೇ ಹೆಸರು. ಬೇಕಾದ್ದನ್ನೆಲ್ಲ ಮೊದಲು ಬಾಗಿಲಿಗೆ ತಂದಿಟ್ಟುಕೊಂಡು ಆಮೇಲೆ ಒಳಗೆ ಜೋಡಿಸುವುದು ಅದರ ಕ್ರಮ. ತಂದದ್ದನ್ನು ತೆಗೆಯಲೂ ಬಲ್ಲದು. 2011ರಲ್ಲಿ ಬಿಕಿಂಗ್ ಇದನ್ನು ಬೇರೆ ಕೆಲವರ ಕೈಗೆ ಒಪ್ಪಿಸಿದರು. ಆ ಗುಂಪಿಗೆ ಏನು ಹೆಸರಿಡಬೇಕೆಂದು ಚರ್ಚೆಯಾದಾಗ ‘ಸ್ಥಾಪನಾ ಮಂತ್ರಾಲಯ’ ಎಂಬುದೂ ಒಂದು ಸೂಚನೆಯಾಗಿತ್ತಂತೆ! ಕೊನೆಗೆ ‘ಪೈಥಾನ್ ಪ್ಯಾಕೇಜಿಂಗ್ ಪ್ರಾಧಿಕಾರ’ ಎಂದಾಯಿತು. ಪ್ರಾಧಿಕಾರವೆಂದರೆ ಕಟ್ಟಡ, ಜೀಪು, ಪಟ್ಟೆಪಟ್ಟೆಯ ಗೇಟು ಇರಬಹುದೆಂದು ವಾಚಕರು ಭಾವಿಸಬಾರದು. ಬೇರೆ ಬೇರೆ ದೇಶಗಳಲ್ಲಿ ಕುಳಿತು, ಹೆಚ್ಚಿನಂಶ ಸ್ವಂತ ವೇಳೆಯಲ್ಲಿ ದುಡಿಯುವ ಬೆರಳೆಣಿಕೆಯ ಸ್ವಯಂಸೇವಕರು, ಅಷ್ಟೆ. 2014ರ ಮಾರ್ಚಿನಲ್ಲಿ ಬಂದ ಪೈಥಾನ್ 3.4ರಿಂದ ಪಿಪ್ ಭಾಷೆಯ ಜೊತೆಗೇ ಮನೆಗೆ ಬರತೊಡಗಿತು.

ಇಂಥ ಉಗ್ರಾಣಿಗೆ ಒಂದು ವಿಚಿತ್ರ ಕಷ್ಟವಿದೆ. ಪಿಪ್ ಕೂಡ ಒಂದು ಪ್ರೋಗ್ರಾಂ. ಅದಕ್ಕೂ ಬೇರೆ ಪ್ಯಾಕೇಜುಗಳು ಬೇಕು. ಆದರೆ ಅವನ್ನು ತಂದುಕೊಡುವವರು ಯಾರು? ಉಗ್ರಾಣದ ಕೀಲಿಕೈಯನ್ನು ಉಗ್ರಾಣದೊಳಗೇ ಇಟ್ಟು ಬಾಗಿಲು ಹಾಕಿದಂತೆ. ಆದ್ದರಿಂದ ಪಿಪ್ ತನಗೆ ಬೇಕಾದ ಪ್ಯಾಕೇಜುಗಳ ಒಂದೊಂದು ಪ್ರತಿಯನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು, ಬುತ್ತಿ ಕಟ್ಟಿಕೊಂಡು ಹೊರಟ ಪ್ರಯಾಣಿಕನಂತೆ ಓಡಾಡುತ್ತದೆ. ಆ ಬುತ್ತಿ ಹಳಸದಂತೆ ಆಗಾಗ ಬದಲಿಸುವುದೂ ನೋಡಿಕೊಳ್ಳುವವರ ಪಾಲಿನ ಕೆಲಸ. ಸರಕು ಬರುವ ದಾರಿಯ ಕಾವಲೂ ಅವರದೇ. ನಡುದಾರಿಯಲ್ಲಿ ಯಾರಾದರೂ ಗಂಟನ್ನು ಬದಲಿಸಿದರೆ ಗೊತ್ತಾಗುವಂತೆ ಸರ್ವರಿನ ಗುರುತುಪತ್ರವನ್ನು ಕಡ್ಡಾಯವಾಗಿ ಪರೀಕ್ಷಿಸುವ ಪದ್ಧತಿ ಬಂದದ್ದು 2013ರ ಮಾರ್ಚಿನಲ್ಲಿ. ಅಲ್ಲಿಯವರೆಗೆ ನಂಬಿಕೆಯ ಮೇಲೆಯೇ ನಡೆದಿತ್ತು.

ಈಗ 2018ರ ಏಪ್ರಿಲ್ ತಿಂಗಳಿಗೆ ಬರೋಣ. ಪಿಪ್‌ನ ಒಳಭಾಗ ವರ್ಷಗಳಿಂದ ಬೆಳೆದು ಸಿಕ್ಕುಸಿಕ್ಕಾಗಿತ್ತು. ಹೊರಗಿನವರು ಬಳಸಬೇಕಾದದ್ದು ಆಜ್ಞೆಯನ್ನು ಮಾತ್ರ, ಒಳಗೆ ಕೈಹಾಕಬಾರದು ಎಂದು ಪಾಲಕರು ಹೇಳುತ್ತಲೇ ಬಂದಿದ್ದರು. ಕೈಹಾಕುವವರು ಹಾಕುತ್ತಲೇ ಬಂದಿದ್ದರು. ಆದ್ದರಿಂದ 10ನೆಯ ಆವೃತ್ತಿಯಲ್ಲಿ ಒಳಸಾಮಾನನ್ನೆಲ್ಲ ‘ಆಂತರಿಕ’ ಎಂಬ ಫಲಕ ಹಾಕಿದ ಕೋಣೆಗೆ ಸಾಗಿಸಿದರು. ಹಿಂದಿನ ವರ್ಷವೇ ಮುನ್ಸೂಚನೆ ಕೊಟ್ಟಿದ್ದರು. ಏಪ್ರಿಲ್ 14ರಂದು ಬಿಡುಗಡೆಯಾಯಿತು.

ಉಬುಂಟು, ಡೆಬಿಯನ್ ಮೊದಲಾದ ವ್ಯವಸ್ಥೆಗಳಲ್ಲಿ ಪಿಪ್ ಅನ್ನು ಕರೆಯಲು ಆ ವ್ಯವಸ್ಥೆಯವರೇ ಬರೆದಿಟ್ಟ ಒಂದು ಪುಟ್ಟ ಪ್ರೋಗ್ರಾಂ ಇತ್ತು. ಅದು ನೇರವಾಗಿ ಪಿಪ್‌ನ ಒಳಗೆ ಹೋಗಿ ‘ಮೇನ್’ ಎಂಬುದನ್ನು ಎಬ್ಬಿಸುತ್ತಿತ್ತು. ಜನ ಎಂದಿನಂತೆ ಪಿಪ್ ಅನ್ನು ನವೀಕರಿಸಿಕೊಂಡರು. ಪಿಪ್ ಹೊಸದಾಯಿತು, ಬಾಗಿಲ ಬಳಿಯ ಪುಟ್ಟ ಪ್ರೋಗ್ರಾಂ ಹಳೆಯದೇ ಉಳಿಯಿತು. ಮರುಬಾರಿ ಕರೆದಾಗ ‘ಮೇನ್ ಎಂಬ ಹೆಸರು ಸಿಗಲಿಲ್ಲ’ ಎಂಬ ಉತ್ತರ. ಪಿಪ್ ನಿಂತುಹೋಯಿತು. ಪಿಪ್ ಇಲ್ಲದೆ ಪಿಪ್ ಅನ್ನು ಸರಿಪಡಿಸುವುದು ಹೇಗೆ? ಪೈಥಾನ್ ಮೂಲಕ ಬಳಸುದಾರಿಯಲ್ಲಿ ಕರೆಯುವ ಉಪಾಯವಿತ್ತು, ಆದರೆ ಹೊಸಬರಿಗೆ ಅದು ಹೇಗೆ ಗೊತ್ತಾಗಬೇಕು! ಅದೆಷ್ಟೋ ಕಡೆ ಕೆಲಸ ಕೆಟ್ಟಿತು, ಬೈಗುಳವೆಲ್ಲ ಸ್ವಯಂಸೇವಕರಿಗೆ ಬಂತು.

ತಪ್ಪು ಯಾರದು? ನಿಯಮದ ಪ್ರಕಾರ ನೋಡಿದರೆ ಪಿಪ್ ಪಾಲಕರದಲ್ಲ. ಆದರೆ ನಮಗೆ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ನಾವು ಹಿಂದೆ ಇದ್ದ ಒಂದು ಕಚೇರಿಯಲ್ಲಿ ಅರ್ಜಿಯ ನಮೂನೆ ಬದಲಾಯಿತು. ಸುತ್ತೋಲೆ ಹೊರಡಿಸಿ ಫಲಕಕ್ಕೆ ಅಂಟಿಸಿದ್ದೂ ಆಯಿತು. ಮರುವಾರ ದೂರದ ಊರಿನಿಂದ ಬಂದ ಪಿಂಚಣಿದಾರರೊಬ್ಬರು ಹಳೆಯ ನಮೂನೆಯನ್ನು ಅಂದವಾಗಿ ತುಂಬಿಕೊಂಡು ಕೌಂಟರಿನ ಮುಂದೆ ನಿಂತಿದ್ದರು. ಸುತ್ತೋಲೆ ತೋರಿಸಿ ವಾಪಸು ಕಳಿಸಿದವರು ನಾವೇ. ಸುತ್ತೋಲೆ ಸರಿಯಾಗಿಯೇ ಇತ್ತು. ಅವರ ಊರಿಗೆ ಅದು ಹೋಗಿರಲಿಲ್ಲ. ಆದ್ದರಿಂದ ಈ ಪ್ರಕರಣದಲ್ಲಿ ನಮ್ಮ ಮನಸ್ಸು ಪೂರ್ತಿಯಾಗಿ ಪಾಲಕರ ಕಡೆಗೆ ವಾಲುವುದಿಲ್ಲ.

ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೂ ಬಾಕಿಯಿತ್ತು. ಮದುವೆಯ ಮುಹೂರ್ತ ನೋಡುವುದನ್ನು ನೆನೆಯಿರಿ. ಹುಡುಗನ ಮನೆಯವರಿಗೆ ಒಂದು ದಿನ, ಹುಡುಗಿಯ ಸೋದರಮಾವನಿಗೆ ಇನ್ನೊಂದು, ಛತ್ರದವನಿಗೆ ಮತ್ತೊಂದು. ಎಲ್ಲರಿಗೂ ಒಪ್ಪುವ ದಿನ ಹುಡುಕಬೇಕು. ಪ್ಯಾಕೇಜುಗಳದೂ ಹೀಗೆಯೇ. ಒಂದಕ್ಕೆ ಮೂರನೆಯದರ ಹಳೆಯ ಆವೃತ್ತಿ ಬೇಕು, ಇನ್ನೊಂದಕ್ಕೆ ಹೊಸದೇ ಆಗಬೇಕು. ಹಳೆಯ ಪಿಪ್ ಮೊದಲು ಯಾರು ದಿನ ಹೇಳಿದರೋ ಅದನ್ನೇ ಗಟ್ಟಿಮಾಡಿ, ಉಳಿದವರು ಹೇಗಾದರೂ ಮಾಡಿಕೊಳ್ಳಲಿ ಎಂದು ಸುಮ್ಮನಾಗುತ್ತಿತ್ತು. ಎಲ್ಲರನ್ನೂ ಕೇಳಿ ಒಪ್ಪಿಸುವ ಲೆಕ್ಕ ಸುಲಭದ್ದಲ್ಲ. ಪ್ಯಾಕೇಜುಗಳು ಹೆಚ್ಚಿದಂತೆ ಪರೀಕ್ಷಿಸಬೇಕಾದ ಜೋಡಣೆಗಳು ಕೋಟಿಗಟ್ಟಲೆ ಆಗಬಹುದು. ಇದು ಬೇಕೆಂಬ ಅಹವಾಲು ದಾಖಲಾದದ್ದು 2013ರಲ್ಲಿ. 2017ರಲ್ಲಿ ಪ್ರದ್ಯುನ್ ಗೇಡಂ ಎಂಬ ಭಾರತೀಯ ವಿದ್ಯಾರ್ಥಿ ಗೂಗಲ್ ಕಂಪನಿಯ ಬೇಸಗೆ ಯೋಜನೆಯಲ್ಲಿ ಇದನ್ನು ಕೈಗೆತ್ತಿಕೊಂಡರು. ಒಂದು ಬೇಸಗೆಯಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. ಅವರು ಬಿಟ್ಟುಹೋಗಲೂ ಇಲ್ಲ, ಪಿಪ್‌ನ ಪಾಲಕರಲ್ಲೇ ಒಬ್ಬರಾದರು. 2019ರ ಕೊನೆಗೆ ಮೊಜಿಲ್ಲಾ ಮತ್ತು ಚಾನ್ ಜುಕರ್‌ಬರ್ಗ್ ಸಂಸ್ಥೆಗಳಿಂದ ಒಟ್ಟು 4,07,000 ಡಾಲರ್ ನೆರವು ಮಂಜೂರಾಯಿತು. ಗೇಡಂ, ತೈವಾನಿನ ತ್ಸು-ಪಿಂಗ್ ಚುಂಗ್, ಇಂಗ್ಲೆಂಡಿನ ಪಾಲ್ ಮೂರ್ ಮೊದಲಾದವರು ಕೆಲಸಕ್ಕೆ ಕುಳಿತರು.

ಈ ಯೋಜನೆಯ ಮೇಲ್ವಿಚಾರಣೆ ವಹಿಸಿದವರ ಹೆಸರು ಓದಿ ನಾವು ಕುರ್ಚಿಯಿಂದ ಅರ್ಧ ಎದ್ದೆವು. ಸುಮನಾ ಹರಿಹರೇಶ್ವರ! ಅಮೆರಿಕದಲ್ಲಿದ್ದುಕೊಂಡು 1980ರ ದಶಕದಲ್ಲಿ ‘ಅಮೆರಿಕನ್ನಡ’ ಎಂಬ ಪತ್ರಿಕೆ ನಡೆಸಿದ ಶಿಕಾರಿಪುರ ಹರಿಹರೇಶ್ವರ ಮತ್ತು ನಾಗಲಕ್ಷ್ಮಿ ದಂಪತಿಯನ್ನು ಹೊರನಾಡ ಕನ್ನಡ ಸಂಘಗಳ ಹಿರಿಯರು ಬಲ್ಲರು. ಸುಮನಾ ಅವರ ಮಗಳು. ಪೈಪಿಐ ಭಂಡಾರವನ್ನು ಹೊಸದಾಗಿ ಕಟ್ಟಿ 2018ರ ಏಪ್ರಿಲ್‌ನಲ್ಲಿ ತೆರೆದಾಗಲೂ ಆ ಕೆಲಸದ ಮೇಲ್ವಿಚಾರಣೆ ಅವರದೇ ಆಗಿತ್ತು. ಪರದೇಶದಲ್ಲಿ ಸಣ್ಣ ಪತ್ರಿಕೆ ನಡೆಸುವುದೆಂದರೆ ಏನೆಂದು ಈ ಮಾಸಪತ್ರಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ. ಬರೆಯುವುದು ಒಂದು ಪಾಲಾದರೆ, ವಿಳಾಸ ತಿದ್ದುವುದು, ನೆನಪಿನ ಓಲೆ ಕಳಿಸುವುದು, ತಲುಪಿತೇ ಎಂದು ವಿಚಾರಿಸುವುದು ಮೂರು ಪಾಲು.

2020ರಲ್ಲಿ ಪಿಪ್ ತಂಡ ಮಾಡಿದ್ದೂ ಈ ಮೂರು ಪಾಲಿನ ಕೆಲಸವೇ. ಬಳಸುವವರನ್ನು ಕರೆದು ಮಾತಾಡಿಸಿದರು, ಪ್ರಶ್ನಾವಳಿ ಕಳಿಸಿದರು. ಜುಲೈನಲ್ಲಿ ಬಂದ 20.2ನೆಯ ಆವೃತ್ತಿಯಲ್ಲಿ ಹೊಸ ಲೆಕ್ಕವನ್ನು ಬೇಕಾದವರು ಪರೀಕ್ಷಿಸಲೆಂದು ಐಚ್ಛಿಕವಾಗಿ ಇಟ್ಟರು. ಯಾವುದು ಯಾವಾಗ ಬದಲಾಗುತ್ತದೆ, ನಿಮ್ಮ ಕೆಲಸ ಕೆಟ್ಟರೆ ಏನು ಮಾಡಬೇಕು ಎಂದು ಮತ್ತೆ ಮತ್ತೆ ಸಾರಿದರು. ಅಕ್ಟೋಬರ್ ಎಂದಿದ್ದ ದಿನ ಮುಂದಕ್ಕೆ ಹೋಯಿತು. ನವೆಂಬರ್ 30ರಂದು 20.3 ಬಿಡುಗಡೆಯಾಯಿತು. ಹೊಸದು ಒಗ್ಗದವರಿಗೆ ಹಳೆಯ ಬಾಗಿಲನ್ನೂ ಸ್ವಲ್ಪ ಕಾಲ ತೆರೆದಿಟ್ಟರು. ತೊಂದರೆಯೇ ಆಗಲಿಲ್ಲವೆಂದಲ್ಲ. ಮುಹೂರ್ತ ಹುಡುಕುತ್ತಾ ಹುಡುಕುತ್ತಾ ಪಿಪ್ ಬಹಳ ಹೊತ್ತು ಕೂತುಬಿಡುತ್ತದೆ ಎಂಬ ದೂರುಗಳು ಬಂದವು, ಅದನ್ನು ಚುರುಕು ಮಾಡುವ ಕೆಲಸ ಆಮೇಲೂ ನಡೆಯಿತು. ಆದರೆ ಈ ಬಾರಿ ಸುತ್ತೋಲೆ ಊರಿಗೆ ಹೋಗಿತ್ತು.

ಮರುತಿಂಗಳುಗಳಲ್ಲಿ ಆದದ್ದನ್ನು ಬೇಗ ಹೇಳಿಬಿಡುತ್ತೇವೆ. 2021ರ ಜನವರಿಯಲ್ಲಿ ಪಿಪ್ ಹಳೆಯ ಪೈಥಾನ್ 2ಕ್ಕೆ ವಿದಾಯ ಹೇಳಿತು. 2023ರಲ್ಲಿ ಬಂದ ಡೆಬಿಯನ್ 12ರಲ್ಲಿ, ವ್ಯವಸ್ಥೆಯ ಸ್ವಂತ ಉಗ್ರಾಣಿ ನೋಡಿಕೊಳ್ಳುವ ಜಾಗಕ್ಕೆ ಪಿಪ್ ಸಾಮಾನು ತರುವಂತಿಲ್ಲ. ಬೇರೆ ಕೋಣೆ ಮಾಡಿಕೊಂಡು ಅಲ್ಲಿ ಇಡಬೇಕು. ಹಟ ಮಾಡಿ ಅಲ್ಲೇ ಇಡುತ್ತೇನೆ ಎನ್ನುವವರು ‘ವ್ಯವಸ್ಥೆಯ ಪ್ಯಾಕೇಜುಗಳನ್ನು ಮುರಿ’ ಎಂಬರ್ಥದ ಮಾತನ್ನು ತಮ್ಮ ಕೈಯಾರೆ ಟೈಪ್ ಮಾಡಬೇಕು. ಇಂಥ ಮುಚ್ಚಳಿಕೆ ಬರೆಸಿಕೊಳ್ಳುವ ಯುಕ್ತಿ ನಮ್ಮ ಇಲಾಖೆಗಳಿಗೂ ಹೊಳೆದಿರಲಿಲ್ಲ.

ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ, ಹೊಸ ಪಿಪ್ ಹೊರಬರುತ್ತದೆ. ಇದನ್ನೆಲ್ಲ ತಿಳಿದುಕೊಂಡು ಮತ್ತೆ ನೆರೆಮನೆಗೆ ಹೋದೆವು. ಹುಡುಗ ಅದೇ ಕಪ್ಪು ಪರದೆಯ ಮುಂದಿದ್ದ. ಸಾಲುಗಳು ಹರಿದು ನಿಂತ ಮೇಲೆ ಕೆಳಗೆ, ಪಿಪ್‌ನ ಹೊಸ ಆವೃತ್ತಿ ಬಂದಿದೆ ಎಂಬ ಸೂಚನೆ ಕಾಣಿಸಿತು. ಬೆರಳಿಟ್ಟು ತೋರಿಸಿದೆವು. “ಅದು ಯಾವಾಗಲೂ ಬರ್ತಾನೇ ಇರುತ್ತೆ ಅಂಕಲ್” ಎಂದ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತು, 2018ರ ಏಪ್ರಿಲ್‌ನಿಂದ ಶುರುಮಾಡಿದೆವು.