ಬಾಗೇವಾಡಿಯ ಮೊದಲು, ತಂಗಡಗಿಯ ಕೊನೆ

ಶ್ರಾವಣ ಬಂತಂದ್ರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಗುಡಿ-ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಮೊದಲ ದಿನ ಮತ್ತು ಮಂಗಲದ ದಿನ ಸೇರುವಷ್ಟು ಜನ ನಡುವಿನ ದಿನಗಳಲ್ಲಿ ಸೇರೋದಿಲ್ಲ. ಇದನ್ನ ಆಲಸ್ಯ ಅಂತ ಬೈಯೋರು ಅದಾರ. ನನಗೆ ಮಾತ್ರ ಇದರಲ್ಲೊಂದು ಜಾಣತನ ಕಾಣ್ತದ. ಯಾವ ಪುಸ್ತಕವಾದರೂ ತಾನು ಯಾಕ ಹುಟ್ಟೇನಿ ಅನ್ನೋದನ್ನ ಮೊದಲ ಪುಟದಲ್ಲಿ ಮತ್ತು ಕಡೇ ಪುಟದಲ್ಲಿ ಬಾಯಿಬಿಡುತ್ತದೆ. ಬಸವಣ್ಣನ ಬಗ್ಗೆ ಬಂದ ಪುಸ್ತಕಗಳನ್ನೇ ಹೀಗೆ ನೋಡೋಣ ಬರ್ರಿ.

ಹರಿಹರನ ‘ಬಸವರಾಜದೇವರ ರಗಳೆ’ ಶುರುವಾಗೋದು ಬಾಗೇವಾಡಿಯಲ್ಲಲ್ಲ, ಕೈಲಾಸದಲ್ಲಿ. ಅಲ್ಲಿ ಶಿವ ಕೊಟ್ಟ ಪ್ರಸಾದವನ್ನು ಗಣಗಳಿಗೆಲ್ಲ ಹಂಚುವ ಕೆಲಸ ವೃಷಭಮುಖನದು. ಷಣ್ಮುಖನೊಬ್ಬನಿಗೆ ತಪ್ಪಿಹೋಗುತ್ತದೆ. ಕೇಳಿದರೆ ಎಲ್ಲರಿಗೂ ಕೊಟ್ಟೆ ಅಂತಾನೆ. ಆ ತಪ್ಪಿಗೆ ಭೂಮಿಗೆ ಇಳಿಯಬೇಕಾಗುತ್ತದೆ. ಅಂದರೆ ಹರಿಹರನ ಬಸವಣ್ಣ ಜಗತ್ತನ್ನು ಉದ್ಧಾರ ಮಾಡಲು ಬಂದವನಲ್ಲ, ಒಂದು ತಪ್ಪು ತೀರಿಸಲು ಬಂದವ. ಮುಂದೆ ಇಡೀ ಕಾವ್ಯದಲ್ಲಿ ನಾವು ನೋಡುವುದು ಏನು? ದಾಸೋಹ. ಹಂಚುವುದರಲ್ಲಿ ತಪ್ಪಿದವ ಹಂಚುವುದನ್ನೇ ಬಾಳು ಮಾಡಿಕೊಂಡ. ಮೊದಲ ಪುಟವನ್ನು ಬರೇ ಪುರಾಣ ಅಂತ ಹಾರಿಸಿ ಓದಿದರೆ ಈ ಎಳೆ ಕೈಗೆ ಸಿಗೋದಿಲ್ಲ.

ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ. ಅಲ್ಲೂ ಮೊದಲು ಕೈಲಾಸವೇ. ಆದರೆ ತಪ್ಪಿನ ಮಾತಿಲ್ಲ. ಭೂಲೋಕದಲ್ಲಿ ಭಕ್ತಿ ಸೊರಗಿದೆ ಎಂಬ ಸುದ್ದಿ ನಾರದನಿಂದ ಬರುತ್ತದೆ, ಶಿವ ನಂದಿಯನ್ನು ಕಳಿಸುತ್ತಾನೆ. ಒಂದು ಕಡೆ ಶಿಕ್ಷೆ, ಇನ್ನೊಂದು ಕಡೆ ಕಾರ್ಯಭಾರ. ಕಾರ್ಯಕ್ಕೆ ಬಂದವನು ಕಾರ್ಯ ಮುಗಿಸಿ ಹೋಗಲೇಬೇಕಲ್ಲ? ಅದಕ್ಕೇ ಆ ಪುರಾಣಕ್ಕೆ ಗಟ್ಟಿಯಾದ ಕೊನೆಯಿದೆ: ಬಸವಣ್ಣ ಕಲ್ಯಾಣ ಬಿಟ್ಟು ಕೂಡಲಸಂಗಮಕ್ಕೆ ಬರುವುದು, ಜಗದೇವ ಮತ್ತವನ ಸಂಗಡಿಗರು ಬಿಜ್ಜಳನನ್ನು ಕೊಲ್ಲುವುದು, ಬಸವಣ್ಣ ಸಂಗಮನಾಥನಲ್ಲಿ ಬೆರೆಯುವುದು. ಹರಿಹರನ ರಗಳೆಯೋ, ನಮಗೆ ಸಿಕ್ಕಿರುವುದು 13 ಸ್ಥಲ ಮಾತ್ರ. ಕಲ್ಯಾಣದ ಕಡೇ ದಿನಗಳು ಅದರಲ್ಲಿಲ್ಲ. ಹಿಂಗಾಗಿ ಬಸವಣ್ಣನಿಗೆ ಕಾಲದಲ್ಲಿ ಹತ್ತಿರವಿದ್ದ ಕವಿಯ ಕಾವ್ಯ ನಮ್ಮ ಕೈಯಲ್ಲಿ ಕೊನೆಯಿಲ್ಲದೆ ಉಳಿದದ. ನಾವು ಕೊನೆಯನ್ನು ಬೇರೆಯವರಿಂದ ಕಡ ತಂದೇವಿ.

ಕಲ್ಲಿನ ಮೇಲಿನ ಬರಹ ಇನ್ನೊಂದು ಥರ. ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನದಲ್ಲಿ ಬಸವಣ್ಣ ಬರುತ್ತಾನೆ. ತರ್ದವಾಡಿ ನಾಡಿನ ಬಾಗವಾಡಿಯ ಮಾದಿರಾಜನ ಮಗ ಅಂತ. ಆ ತರ್ದವಾಡಿ ಅಂದ್ರ ಇಂಡಿ ಸೀಮೆಯ ಇವತ್ತಿನ ತದ್ದೇವಾಡಿ. ಶಾಸನಕ್ಕೆ ಬೇಕಾದದ್ದು ದಾನ ಕೊಟ್ಟದ್ದರ ದಾಖಲೆ. ಹಾಗಾಗಿ ಬಸವಣ್ಣ ಅಲ್ಲಿ ಮೊದಲೂ ಅಲ್ಲ, ಕೊನೆಯೂ ಅಲ್ಲ. ವಂಶ ಹೇಳುವಾಗ ನಡುವೆ ಬರುವ ಹೆಸರು. ಕೈಲಾಸವಿಲ್ಲ, ಐಕ್ಯವಿಲ್ಲ. ಊರು ಇದೆ, ಅಪ್ಪ ಇದ್ದಾನೆ. ಇತಿಹಾಸಕಾರನಿಗೆ ಅಷ್ಟು ಸಾಕು.

ಇನ್ನು ನಮ್ಮ ಕಾಲಕ್ಕೆ ಬಂದರೆ, ಗಿರೀಶ ಕಾರ್ನಾಡರ ‘ತಲೆದಂಡ’ (1990) ತೆರೆದುಕೊಳ್ಳುವುದು ಜಗದೇವನ ಮನೆಯಲ್ಲಿ. ಸಾಯುತ್ತಿರುವ ಅಪ್ಪ ಮಗನಿಗಾಗಿ ಕಾಯುತ್ತಿದ್ದಾನೆ. ಮುಗಿಯುವುದು ಬಿಜ್ಜಳನ ಮಗ ಸೋವಿದೇವನ ಪಟ್ಟಾಭಿಷೇಕದಲ್ಲಿ. ಬಸವಣ್ಣನ ನಾಟಕ ಅಂತ ಹೋದವರಿಗೆ ಶುರುವಿನಲ್ಲೂ ಬಸವಣ್ಣನಿಲ್ಲ, ಕೊನೆಯಲ್ಲೂ ಇಲ್ಲ. ಅಪ್ಪನ ಜಾತಿ ಬಿಟ್ಟ ಮಗ ಮತ್ತು ಅಪ್ಪನ ಗಾದಿ ಹಿಡಿದ ಮಗ, ಈ ಇಬ್ಬರ ನಡುವೆ ಒಂದು ಚಳವಳಿ ನುಚ್ಚುನೂರಾಯಿತು ಅನ್ನೋದು ಆ ಎರಡು ದೃಶ್ಯಗಳಿಂದಲೇ ತಿಳೀತದ.

ಈಗ ವಚನಗಳ ಕಡೆ ಬರೋಣ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಓಲೆಗರಿ ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು. ಹಳೆಯ ಷಟ್‌ಸ್ಥಲದ ಕಟ್ಟುಗಳಲ್ಲಿ ವಚನಗಳು ಭಕ್ತಸ್ಥಲದಿಂದ ಶುರುವಾಗಿ ಐಕ್ಯಸ್ಥಲದಲ್ಲಿ ಮುಗಿಯುತ್ತವೆ. ಅದೂ ಒಂದು ಬಾಳಿನ ಕತೆಯೇ. ಆದರೆ ಅಲ್ಲಿ ಹುಟ್ಟಿದ ತಾರೀಖಿಲ್ಲ, ಕೊಲೆಯಿಲ್ಲ, ರಾಜನಿಲ್ಲ. ಒಳಗಿನ ಪಯಣವಷ್ಟೇ.

ಒಂದೊಂದು ವಚನಕ್ಕೂ ತನ್ನದೇ ಕೊನೆಯಿದೆ, ಅಂಕಿತ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಎಲ್ಲ ವಚನ ಮುಗಿಸುವುದು ಕೂಡಲಸಂಗಮದ ಹೆಸರಿನಲ್ಲಿ. ಹುಟ್ಟಿದೂರಿನಲ್ಲಿ ಜನಿವಾರ ಹರಿದು ಹೊರಟವನಿಗೆ ಆಸರೆಯಾದ ಊರದು. ಮಾತು ಎಲ್ಲಿಂದ ಹೊರಟರೂ ತಲುಪುವುದು ಅಲ್ಲಿಗೇ. ಸಿಂದಗಿ ಸೀಮೆಯ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವನ ವಚನಗಳಿಗೆ ಕೊನೆ ಕಲಿದೇವರದೇವ. ಬಟ್ಟೆ ಒಗೆಯುವ ಕಾಯಕದವನ ಅಂಕಿತದಲ್ಲಿ ‘ಕಲಿ’ ಎಂಬ ಶೌರ್ಯದ ಮಾತು ಕೂತಿದೆ.

ನನಗೆ ಬಹಳ ಕಾಡುವ ಕೊನೆ ಮಾತ್ರ ನೀಲಮ್ಮನದು. ಕೂಡಲಸಂಗಮದಿಂದ ಬಸವಣ್ಣ ಕರೆ ಕಳಿಸಿದ, ಹಡಪದ ಅಪ್ಪಣ್ಣ ಕರೆದುಕೊಂಡು ಹೊರಟ, ಹೊಳೆ ದಂಡೆಗೆ ಬರುವಷ್ಟರಲ್ಲಿ ಬಸವಣ್ಣ ಐಕ್ಯನಾಗಿದ್ದ, ಆಕೆ ಅಲ್ಲೇ ತಂಗಡಗಿಯಲ್ಲಿ ಐಕ್ಯಳಾದಳು — ಇದು ಜನ ಹೇಳುವ ಕತೆ. ಮುದ್ದೇಬಿಹಾಳ ತಾಲೂಕಿನ ತಂಗಡಗಿ ಕೃಷ್ಣೆಯ ಈಚೆ ದಂಡೆಗಿದೆ, ಕೂಡಲಸಂಗಮ ಆಚೆ ಕಡೆಗೆ. ಈ ಕೊನೆಯಲ್ಲಿ ನೀಲಮ್ಮ ತಡವಾಗಿ ಬಂದ ಹೆಣ್ಣುಮಗಳು. ಆದರೆ ಆಕೆಯ ಹೆಸರಿನ ವಚನಗಳ ನೀಲಮ್ಮ ಬೇರೆ. ಸಂಗಯ್ಯ ತಾನಿದ್ದಲ್ಲೇ ಇರುವಾಗ ಅಷ್ಟು ದೂರ ಯಾಕೆ ಹೋಗಬೇಕು ಎಂಬ ಅರ್ಥದಲ್ಲಿ ಆಕೆ ಕೇಳುತ್ತಾಳೆ. ಇಲ್ಲಿ ಆಕೆ ಹೊಳೆ ದಾಟದೆ ಉಳಿದವಳಲ್ಲ. ದಾಟುವ ಅಗತ್ಯವೇ ಇಲ್ಲ ಅಂದವಳು. ಕತೆ ಅದೇ, ಹೆಂಗಸು ಆಕೆಯೇ. ಕೊನೆಯ ವಾಕ್ಯ ಯಾರ ಕೈಯಲ್ಲಿದೆ ಅನ್ನೋದರ ಮೇಲೆ ಆಕೆ ಅನಾಥೆಯೋ ಜ್ಞಾನಿಯೋ ಆಗ್ತಾಳ.

ಬಸವಣ್ಣನ ಕೊನೆ ಹೇಗಾಯಿತು ಎಂದು ಇವತ್ತಿಗೂ ಕಟ್ಟೆಯ ಮೇಲೆ ಕೂತು ಜಗಳಾಡುವವರಿದ್ದಾರೆ. ಒಬ್ಬರು ಪುರಾಣದ ಕಡೇ ಪುಟ ಹಿಡಿದರೆ ಇನ್ನೊಬ್ಬರು ನಾಟಕದ್ದು. ಹಿಡಿದ ಪುಟವನ್ನು ಅದರ ಪುಸ್ತಕದಿಂದ ಹರಿದು ತಂದಿದ್ದೇವೆ ಅನ್ನೋದು ಯಾರಿಗೂ ನೆನಪಿರೋದಿಲ್ಲ. ಕೊನೆಯ ಪುಟ ಓದುವ ಮುಂಚೆ ಅದೇ ಪುಸ್ತಕದ ಮೊದಲ ಪುಟ ತೆಗೀರಿ. ಯಾವ ಪ್ರಶ್ನೆಗೆ ಅದು ಉತ್ತರ ಕೊಡ್ತಾ ಇತ್ತು ಅನ್ನೋದು ಅಲ್ಲಿರ್ತದ.