ಪದ್ಮಿನಿಯ ಹಿಂದಿನ ಆಕ್ಸಲ್: ಫೋರ್ಟ್‌ನ ಟ್ಯಾಕ್ಸಿ ಅಡಿಯಲ್ಲಿ ಅಡಗಿರುವ ಚರಿತ್ರೆ

ಈ ವಾರದ ವಿಡಿಯೋ ನೋಡೋಕೆ ಪುರುಸೊತ್ತು ಸಿಗದವರಿಗೆ, ಆಫೀಸ್ ಬಸ್ಸಿನಲ್ಲಿ ಕೂತು ಓದೋರಿಗೆ, ನನ್ನ ಮಾತಿನ ಬರಹರೂಪ ಇಲ್ಲಿದೆ. ಮಾತಲ್ಲಿ ಅವಸರದಲ್ಲಿ ದಾಟಿಹೋದ ಲೆಕ್ಕಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಮುಂಬಯಿಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು, ತಾಡದೇವ್ ಆರ್‌ಟಿಓದಲ್ಲಿ. ಟ್ಯಾಕ್ಸಿಗಳಿಗೆ 20 ವರ್ಷದ ವಯೋಮಿತಿ ಇರೋದರಿಂದ 2023ರ ಅಕ್ಟೋಬರ್ 30ಕ್ಕೆ ಆ ಕಥೆ ಮುಗೀತು. ಆಗ ಎಲ್ಲಾ ಪತ್ರಿಕೆಗಳಲ್ಲೂ ಕರಿ-ಹಳದಿ ಬಣ್ಣದ ಬಗ್ಗೆ, ಸ್ಟೀರಿಂಗ್ ಪಕ್ಕದ ಗೇರಿನ ಬಗ್ಗೆ, ಸೀಟಿನ ಹೂವಿನ ಬಟ್ಟೆಯ ಬಗ್ಗೆ ಬರೆದರು. ಕಾರಿನ ಅಡಿಯಲ್ಲಿ ಮಲಗಿದ್ದ ಒಂದು ಭಾರದ ಕಬ್ಬಿಣದ ದಿಂಡಿನ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ. ಗ್ಯಾರೇಜಿನವರು ಅದನ್ನ ‘ಹೌಸಿಂಗ್’ ಅಂತಾರೆ. ಪುಸ್ತಕದ ಭಾಷೆಯಲ್ಲಿ ಹಿಂದಿನ ಆಕ್ಸಲ್. ಇಂದಿನ ಮಾತು ಅದರ ಬಗ್ಗೆಯೇ.

ಹಾರ್ನಿಮನ್ ಸರ್ಕಲ್‌ನಲ್ಲಿ ಒಂದು ಸುತ್ತು

ಫೋರ್ಟ್‌ನಲ್ಲಿ ಕೆಲಸ ಮಾಡಿದವರಿಗೆ ಹಾರ್ನಿಮನ್ ಸರ್ಕಲ್ ಗೊತ್ತು. ಟೌನ್ ಹಾಲ್ ಎದುರಿನ ದುಂಡನೆಯ ತೋಟ, ಸುತ್ತ ಕಮಾನುಗಳ ಕಟ್ಟಡ. ಒಂದು ಫಿಯೆಟ್ ಅದನ್ನ ಪೂರ್ತಿ ಒಂದು ಸುತ್ತು ಹಾಕಿತು ಅಂದ್ಕೊಳ್ಳಿ. ಹಿಂದಿನ ಎರಡು ಚಕ್ರಗಳ ನಡುವೆ ಸುಮಾರು 1.2 ಮೀಟರ್ ಅಂತರ. ಶಾಲೆಯ ಲೆಕ್ಕದ ಪ್ರಕಾರ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 7.5 ಮೀಟರ್ ಜಾಸ್ತಿ ಉರುಳಬೇಕು. ವೃತ್ತ ದೊಡ್ಡದಿರಲಿ ಚಿಕ್ಕದಿರಲಿ, ಆ 7.5 ಮೀಟರ್ ಬದಲಾಗೋದಿಲ್ಲ.

ಇದೇ ರಸ್ತೆಯಲ್ಲಿ ಮೊದಲು ಓಡುತ್ತಿದ್ದ ವಿಕ್ಟೋರಿಯಾ ಗಾಡಿಗೆ ಈ ತಲೆನೋವಿರಲಿಲ್ಲ. ಎಳೆಯೋದು ಕುದುರೆ, ಚಕ್ರಗಳು ತಮ್ಮ ಪಾಡಿಗೆ ತಾವು ಸುತ್ತುತ್ತವೆ. ಎಂಜಿನ್ನೇ ಚಕ್ರವನ್ನ ತಿರುಗಿಸೋಕೆ ಶುರುಮಾಡಿದ ಮೇಲೆ ತೊಂದರೆ ಬಂತು. ಎರಡಕ್ಕೂ ಬಲ ಕೊಡಬೇಕು, ಆದ್ರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡಬೇಕು. ಇದಕ್ಕೆ ಉಪಾಯ ಡಿಫರೆನ್ಶಿಯಲ್. ಪ್ಯಾರಿಸ್ಸಿನ ಒನೆಸಿಫೋರ್ ಪೆಕ್ಯೂರ್ ಅದನ್ನ ಉಗಿ ಗಾಡಿಗಾಗಿ 1820ರ ದಶಕದಲ್ಲೇ ಮಾಡಿಟ್ಟಿದ್ದ.

ಆಕ್ಸಲ್ಲಿಗೆ ಇನ್ನೊಂದು ಕೆಲಸವೂ ಇದೆ. ಉದ್ದಕ್ಕೆ ಬಂದ ತಿರುವನ್ನ ಅಡ್ಡಕ್ಕೆ ತಿರುಗಿಸಿ, ವೇಗ ಇಳಿಸಿ, ಎಳೆಯುವ ಬಲ ಹೆಚ್ಚಿಸೋದು. ಅದನ್ನ ಮಾಡೋದು ‘ಕ್ರೌನ್-ಪಿನಿಯನ್’ ಅನ್ನೋ ಹಲ್ಲುಚಕ್ರದ ಜೋಡಿ. ಈ ಜೋಡಿಯನ್ನ ನೆನಪಿಟ್ಕೊಳ್ಳಿ. ನಮ್ಮ ಕಥೆ ನಿಂತಿರೋದೇ ಅದರ ಹಲ್ಲುಗಳ ಮೇಲೆ.

ವಿಶ್ವೇಶ್ವರಯ್ಯನವರ ಕಾರ್ಖಾನೆ

ವಿಶ್ವೇಶ್ವರಯ್ಯನವರು ಅಂದ್ರೆ ನಮಗೆ ಕನ್ನಂಬಾಡಿ, ಭದ್ರಾವತಿ. ಆದ್ರೆ ಅವರು ನೌಕರಿ ಶುರುಮಾಡಿದ್ದು 1884ರಲ್ಲಿ, ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ. ಐವತ್ತು ವರ್ಷ ಕಳೆದ ಮೇಲೆ, ತಮ್ಮ ಎಪ್ಪತ್ತರ ದಶಕದಲ್ಲಿ, ಅವರು ಮತ್ತೆ ಬಾಂಬೆಗೆ ಬಂದದ್ದು ಕಾರು ಕಾರ್ಖಾನೆಯ ಕನಸು ಹೊತ್ತು. 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನ ನೋಡಿಬಂದು ಬಾಂಬೆಯಲ್ಲಿ ಕಾರ್ಖಾನೆ ಕಟ್ಟುವ ಯೋಜನೆ ಬರೆದರು. ಜೊತೆಗೆ ನಿಂತವರು ವಾಲ್‌ಚಂದ್ ಹೀರಾಚಂದ್.

ಆಗ ಬಾಂಬೆಯಲ್ಲಿ ಕಾರುಗಳು ತಯಾರಾಗ್ತಿರಲಿಲ್ಲವೇ? ಜೋಡಣೆ ಆಗ್ತಿತ್ತು. ಜನರಲ್ ಮೋಟರ್ಸ್ 1928ರಿಂದ ಶಿವಡಿಯಲ್ಲಿ ಇತ್ತು, ಫೋರ್ಡ್ ಕೂಡ ಬಂದಿತ್ತು. ಪೆಟ್ಟಿಗೆಯಲ್ಲಿ ಬಿಡಿಭಾಗ ಬರೋದು, ಇಲ್ಲಿ ಬೋಲ್ಟ್ ಬಿಗಿಯೋದು. ವಿಶ್ವೇಶ್ವರಯ್ಯನವರಿಗೆ ಬೇಕಿದ್ದದ್ದು ಅದಲ್ಲ, ದೇಶದೊಳಗೇ ತಯಾರಿಕೆ. ಬಾಂಬೆಯ ಕಾಂಗ್ರೆಸ್ ಸರ್ಕಾರ ಬೆಂಬಲ ಕೊಡೋಕೆ ಮುಂದೆ ಬಂತು, ಮೈಸೂರು ಸಂಸ್ಥಾನವೂ ಆಸಕ್ತಿ ತೋರಿಸಿತು. ದಿಲ್ಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ, ಮಧ್ಯೆ ಯುದ್ಧವೂ ಬಂತು.

ಕಾರಿನ ಮಾತುಕತೆಗೆಂದು ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದ್, ವಾಪಸ್ ಬರುವಾಗ ವಿಮಾನದಲ್ಲಿ ವಿಲಿಯಂ ಪಾಲಿಯನ್ನ ಭೇಟಿಯಾದರು. ಆ ಪರಿಚಯದಿಂದ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಹುಟ್ಟಿದ್ದೇ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದ್ರೆ ಇವತ್ತಿನ ಎಚ್‌ಎಎಲ್. ಕಾರಿಗಾಗಿ ಹೊರಟವರು ನಮ್ಮೂರಿಗೆ ವಿಮಾನ ಕಾರ್ಖಾನೆ ತಂದುಕೊಟ್ಟರು! ಕಾರಿನ ಕನಸು 1944ರಲ್ಲಿ ‘ಪ್ರೀಮಿಯರ್ ಆಟೊಮೊಬೈಲ್ಸ್’ ಆಗಿ ನನಸಾಯಿತು. ವಾಲ್‌ಚಂದ್ ಸಮೂಹದ ‘ಕನ್‌ಸ್ಟ್ರಕ್ಷನ್ ಹೌಸ್’ ಫೋರ್ಟ್‌ನ ಪೂರ್ವದ ಅಂಚಿನ ಬಲಾರ್ಡ್ ಎಸ್ಟೇಟ್‌ನಲ್ಲಿ, ಕಾರ್ಖಾನೆ ಕುರ್ಲಾದಲ್ಲಿ. 1947ರಲ್ಲಿ ಅಲ್ಲಿಂದ ಮೊದಲ ವಾಹನಗಳು ಹೊರಬಂದವು. ಅವೂ ಕ್ರೈಸ್ಲರ್ ಕಂಪನಿಯ ಬಿಡಿಭಾಗಗಳ ಜೋಡಣೆಯೇ.

ಹಲ್ಲು ಕೊರೆಯೋದೇ ಪರೀಕ್ಷೆ

1953ರಲ್ಲಿ ಟ್ಯಾರಿಫ್ ಕಮಿಷನ್ ವರದಿ ಬಂದ ಮೇಲೆ ಸರ್ಕಾರದ ನೀತಿ ಬಿಗಿಯಾಯಿತು. ಹಂತ ಹಂತವಾಗಿ ಬಿಡಿಭಾಗಗಳನ್ನ ಇಲ್ಲೇ ಮಾಡುವ ಯೋಜನೆ ಇದ್ದವರಷ್ಟೇ ಉಳಿಯಬಹುದು. ಫೋರ್ಡ್, ಜನರಲ್ ಮೋಟರ್ಸ್ ಗಂಟುಮೂಟೆ ಕಟ್ಟಿದವು. ಪ್ರೀಮಿಯರ್ ಇಟಲಿಯ ಫಿಯೆಟ್ ಜೊತೆ ಸೇರಿ ಮುಂದುವರಿಯಿತು.

ಬಾಗಿಲು, ಬಂಪರ್, ಸೀಟು ಮಾಡೋದು ಅಷ್ಟು ಕಷ್ಟವಲ್ಲ. ಕ್ರೌನ್-ಪಿನಿಯನ್ ಹಾಗಲ್ಲ. ಅದರ ಹಲ್ಲುಗಳು ನೇರವಾಗಿಲ್ಲ, ಸುರುಳಿಯಾಗಿ ಬಾಗಿರುತ್ತವೆ. ಹೈಪಾಯ್ಡ್ ಅನ್ನೋ ವಿನ್ಯಾಸದಲ್ಲಿ ಪಿನಿಯನ್ನು ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂರುತ್ತೆ. ಅದರಿಂದ ಪ್ರೊಪೆಲ್ಲರ್ ಶಾಫ್ಟ್ ತಗ್ಗುತ್ತೆ, ಕಾರಿನ ನೆಲವೂ ತಗ್ಗುತ್ತೆ. ಅಮೆರಿಕದ ರೋಚೆಸ್ಟರ್‌ನ ಗ್ಲೀಸನ್ ಕಂಪನಿ 1920ರ ದಶಕದಲ್ಲಿ ಇಂಥ ಹಲ್ಲು ಕೊರೆಯುವ ಯಂತ್ರ ಮಾಡಿತು, ಪ್ಯಾಕರ್ಡ್ ಕಾರು ಅದನ್ನ ಮೊದಲು ಹಾಕಿಕೊಂಡಿತು. ಒಳ್ಳೆಯ ಉಕ್ಕು, ಕೊರೆಯೋ ಯಂತ್ರ, ಗಟ್ಟಿ ಮಾಡೋ ಕುಲುಮೆ, ಎರಡನ್ನೂ ಒಟ್ಟಿಗೆ ಉಜ್ಜಿ ಹೊಂದಿಸೋ ಕೈ – ಇವಿಷ್ಟೂ ಒಂದೇ ಕಡೆ ಸೇರಬೇಕು. ಜೋಡಣೆಗೂ ತಯಾರಿಕೆಗೂ ನಡುವಿನ ಗೆರೆ ಇರೋದು ಇಲ್ಲೇ. ಆ ಗೆರೆ ದಾಟಬೇಕು ಅನ್ನೋದೇ ವಿಶ್ವೇಶ್ವರಯ್ಯನವರ ವಾದದ ತಿರುಳು.

1964ರ ಮಾರ್ಚ್ 31ರಂದು ಬೋರಿಬಂದರಿನಿಂದ ದಾದರಿಗೆ ಬಾಂಬೆಯ ಕೊನೆಯ ಟ್ರಾಮ್ ಓಡಿತು. ಅದೇ ವರ್ಷ ಕುರ್ಲಾದಿಂದ ಫಿಯೆಟ್ 1100 ಡಿಲೈಟ್ ಬಂತು. 1974ರ ಹೊತ್ತಿಗೆ ಅದರ ಹೆಸರು ಪ್ರೀಮಿಯರ್ ಪದ್ಮಿನಿ. 1089 ಸಿಸಿ ಎಂಜಿನ್, ಹಿಂದೆ ಗಟ್ಟಿ ಆಕ್ಸಲ್, ಅದನ್ನ ಹೊತ್ತ ಲೀಫ್ ಸ್ಪ್ರಿಂಗ್ ಪ್ಲೇಟುಗಳು. ಫೋರ್ಟ್‌ನ ಆಫೀಸು, ಬ್ಯಾಂಕು, ಕೋರ್ಟುಗಳಿಗೆ ಜನರನ್ನ ಹೊತ್ತದ್ದು ಈ ಆಕ್ಸಲ್. ಅಲ್ಲಿನ ಉಡುಪಿ ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಹಿಂದಿನ ತಲೆಮಾರು ಊರಿಗೆ ಹೊರಟಾಗ ಟ್ರಂಕು ಹೊತ್ತದ್ದೂ ಇದೇ. ಆಮೇಲೆ ಸಿಎನ್‌ಜಿ ಬಂದಾಗ ಡಿಕ್ಕಿಯಲ್ಲಿ ಕೂತ ಸಿಲಿಂಡರಿನ ಭಾರವೂ ಇದರ ಮೇಲೆಯೇ ಬಿತ್ತು.

ಮೀಟರಿನ ನಿಯತ್ತು

ಇಲ್ಲೊಂದು ಸ್ವಾರಸ್ಯ ಇದೆ. ಹಳೇ ಟ್ಯಾಕ್ಸಿಗಳ ಯಾಂತ್ರಿಕ ಮೀಟರಿಗೆ ದೂರ ಹೇಳುತ್ತಿದ್ದದ್ದು ಗೇರ್‌ಬಾಕ್ಸ್ ಕಡೆಯ ಕೇಬಲ್. ಆ ಕೇಬಲ್ ಎಣಿಸೋದು ಪ್ರೊಪೆಲ್ಲರ್ ಶಾಫ್ಟಿನ ಸುತ್ತುಗಳನ್ನ, ಚಕ್ರದ ಸುತ್ತುಗಳನ್ನಲ್ಲ. ಎರಡರ ನಡುವೆ ಇರೋದು ಆಕ್ಸಲ್ಲಿನ ಅನುಪಾತ. ಹೆಚ್ಚು ಅನುಪಾತದ ಕ್ರೌನ್-ಪಿನಿಯನ್ ಹಾಕಿಬಿಟ್ರೆ ಅಷ್ಟೇ ದೂರಕ್ಕೆ ಮೀಟರ್ ಜಾಸ್ತಿ ಓಡುತ್ತೆ, ಪ್ರಯಾಣಿಕರ ಜೇಬಿಗೆ ಕತ್ತರಿ ಬೀಳುತ್ತೆ. ಮೀಟರನ್ನ ಪರೀಕ್ಷಿಸಿ ಸೀಲ್ ಹಾಕೋದರ ಹಿಂದಿನ ತರ್ಕ ಈಗ ಅರ್ಥ ಆಯ್ತಲ್ಲ? ಆ ಸೀಲು ಕಾಯುತ್ತಿದ್ದದ್ದು ಆಕ್ಸಲ್ಲಿನ ಹಲ್ಲುಗಳ ಲೆಕ್ಕವನ್ನೂ ಸೇರಿಸಿ.

ನಿಮ್ಮ ಕಾರಿನಲ್ಲಿರೋದು ಯಾವುದು?

ನಮ್ಮಲ್ಲಿ ಎಷ್ಟೋ ಜನ ಪೊವಾಯಿಯಲ್ಲೋ ಪುಣೆಯಲ್ಲೋ ಕೆಲಸ ಮಾಡ್ತಾ, ಅಪ್ಪನದೋ ಸೋದರಮಾವನದೋ ಹಳೇ ಫಿಯೆಟ್ಟನ್ನ ಮತ್ತೆ ಓಡಿಸೋ ಆಸೆ ಇಟ್ಕೊಂಡಿರ್ತಾರೆ. ಅವರ ಮೊದಲ ಮಾತು: ‘ಹೈವೇಲಿ ಎಂಜಿನ್ ಕಿರುಚುತ್ತೆ, ಆಕ್ಸಲ್ ಅಪ್‌ಗ್ರೇಡ್ ಮಾಡ್ಲಾ?’ ಲೆಗಸಿ ಕೋಡ್ ಮುಟ್ಟುವ ಮುಂಚೆ ಓದ್ತೀರಲ್ವಾ? ಇದನ್ನೂ ಮೊದಲು ಓದಿ. ಐವತ್ತು ವರ್ಷದಲ್ಲಿ ಒಳಗಿನ ಜೋಡಿ ಎಷ್ಟು ಸಲ ಬದಲಾಗಿದೆಯೋ ಯಾರಿಗೆ ಗೊತ್ತು.

ಮೊದಲು ಆಕಾರ ನೋಡಿ. ನಡುವೆ ದುಂಡನೆಯ ಬುರುಡೆ, ಎರಡೂ ಕಡೆ ದಂಡಿಗೆ ಇರುವ ತಂಬೂರಿಯಂತೆ ಕಂಡು, ಗೇರುಗಳ ಭಾಗ ಒಂದೇ ಗಂಟಾಗಿ ಮುಂದಿನಿಂದ ಬಿಚ್ಚಿಬಂದರೆ ಅದು ‘ಬ್ಯಾಂಜೋ’ ಮಾದರಿ. ನಡುವೆ ಎರಕದ ಗುಂಡು, ಅದಕ್ಕೆ ಕೊಳವೆ ಸಿಕ್ಕಿಸಿ, ಹಿಂದೆ ಬಿಚ್ಚುವ ಮುಚ್ಚಳ ಇದ್ದರೆ ‘ಸಾಲಿಸ್‌ಬರಿ’ ಮಾದರಿ. ಬ್ರಿಟನ್ನಿನ ಎಂಜಿಬಿ ಕಾರು 1960ರ ದಶಕದಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ಬದಲಾಯಿತು. ಒಂದೇ ಹೆಸರಿನ ಕಾರಿನಲ್ಲೂ ಆಕ್ಸಲ್ ಬೇರೆ ಇರಬಹುದು ಅನ್ನೋದಕ್ಕೆ ಇದು ಸಾಕ್ಷಿ.

ಆಮೇಲೆ ಅನುಪಾತ. ಸಮತಟ್ಟು ನೆಲದಲ್ಲಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ, ಗೇರನ್ನ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿ. ಹಿಂದಿನ ಒಂದು ಚಕ್ರವನ್ನಷ್ಟೇ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ. ಪ್ರೊಪೆಲ್ಲರ್ ಶಾಫ್ಟಿಗೆ ಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನ ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರೋದರಿಂದ ಕ್ರೌನ್ ಒಂದೇ ಸುತ್ತು ತಿರುಗುತ್ತೆ. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ನಿಮ್ಮ ಅನುಪಾತ. ಖಚಿತ ಉತ್ತರ ಬೇಕಿದ್ರೆ ಬಿಚ್ಚಿ ಹಲ್ಲು ಎಣಿಸಬೇಕು. ಕ್ರೌನಿಗೆ 43, ಪಿನಿಯನ್ನಿಗೆ 10 ಇದ್ದರೆ 4.3.

ಈ 43, 10ಕ್ಕೆ ಸಾಮಾನ್ಯ ಅಪವರ್ತನ ಇಲ್ಲ ಅನ್ನೋದನ್ನ ಗಮನಿಸಿ. ಹಾಗಿದ್ದಾಗ ಪ್ರತಿ ಹಲ್ಲೂ ಎದುರಿನ ಪ್ರತಿ ಹಲ್ಲನ್ನೂ ಸರದಿಯಂತೆ ಸಂಧಿಸುತ್ತೆ, ಸವೆತ ಸಮನಾಗುತ್ತೆ. ಎರಡನ್ನೂ ಒಟ್ಟಿಗೆ ಉಜ್ಜಿ ಜೋಡಿ ಮಾಡಿರ್ತಾರೆ. ಒಂದು ಗುಜರಿಯಿಂದ ಕ್ರೌನು, ಇನ್ನೊಂದರಿಂದ ಪಿನಿಯನ್ನು ತಂದು ಕೂರಿಸಿದ್ರೆ ಊಳಿಡುವ ಸದ್ದು ಗ್ಯಾರಂಟಿ.

ಬದಲಾಯಿಸಬೇಕಾ?

ಲೆಕ್ಕ ಹಾಕೋಣ. ಟಯರಿನ ಸುತ್ತಳತೆ 1.9 ಮೀಟರ್ ಅಂತಿಟ್ಕೊಳ್ಳಿ. ಟಾಪ್ ಗೇರಿನಲ್ಲಿ ಗಂಟೆಗೆ 80 ಕಿಲೋಮೀಟರ್ ಹೋಗುವಾಗ, 4.3 ಅನುಪಾತಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 3,020 ಸುತ್ತು. 3.9 ಹಾಕಿದ್ರೆ 2,740. ಸದ್ದು ಇಳಿಯುತ್ತೆ, ನಿಜ. ಆದ್ರೆ ಘಾಟಿನಲ್ಲಿ ಆ ಸಣ್ಣ ಎಂಜಿನ್ ಏದುಸಿರು ಬಿಡುತ್ತೆ. ಸ್ಪೀಡೋಮೀಟರ್ 60 ತೋರಿಸುವಾಗ ನೀವು 66ರಲ್ಲಿ ಇರ್ತೀರಿ. ನಾಲ್ಕೂ ಚಕ್ರಕ್ಕೆ ಇರೋದು ಡ್ರಮ್ ಬ್ರೇಕು. ವೇಗ ಕೊಟ್ಟು ನಿಲ್ಲಿಸೋ ಶಕ್ತಿ ಕೊಡದೇ ಇದ್ರೆ ಅದನ್ನ ಅಪ್‌ಗ್ರೇಡ್ ಅನ್ನೋಕಾಗಲ್ಲ.

‘ಪ್ರೀಮಿಯರ್ 118ಎನ್‌ಇಯ ಆಕ್ಸಲ್ ಹಾಕಿಬಿಡಿ, ಅದೇ ಕಂಪನಿ’ ಅಂತ ಸಲಹೆ ಕೊಡೋರಿದ್ದಾರೆ. ಕಂಪನಿ ಒಂದೇ, ವಂಶ ಬೇರೆ. 118ಎನ್‌ಇ ಬಂದದ್ದು ಫಿಯೆಟ್ 124ರಿಂದ. ಅದರ ಹಿಂದೆ ಕಾಯಿಲ್ ಸ್ಪ್ರಿಂಗ್. ಪದ್ಮಿನಿಯಲ್ಲಿ ಲೀಫ್. ಕೂರಿಸಬೇಕಾದ್ರೆ ಕೊರೆದು, ವೆಲ್ಡ್ ಮಾಡಬೇಕು. ಪದ್ಮಿನಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ನೆಲ ಕತ್ತರಿಸಿದ್ರೆ ಬೆನ್ನೆಲುಬು ಕತ್ತರಿಸಿದ ಹಾಗೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನ ಒಪ್ಪೋದಿಲ್ಲ. 2021ರ ಜುಲೈನ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಖಾಸಗಿ ಕಾರು ಮೂಲ ರೂಪದಲ್ಲಿದ್ದರೆ ‘ವಿಂಟೇಜ್’ ಅಂತ, ವಿಎ ಅಕ್ಷರಗಳಿರುವ ನಂಬರು ಪಡೆಯಬಹುದು. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು ಅನ್ನೋದು ಷರತ್ತು. 1974ರ ಮೊದಲ ಪದ್ಮಿನಿಗಳು ಈಗಷ್ಟೇ ಆ ವಯಸ್ಸಿಗೆ ಬಂದಿವೆ. ಐವತ್ತು ವರ್ಷ ಉಳಿದದ್ದನ್ನ ಒಂದು ಮಧ್ಯಾಹ್ನದ ವೆಲ್ಡಿಂಗಲ್ಲಿ ಕಳ್ಕೊಳ್ಳೋದು ಬೇಡ.

ಹಾಗಾದ್ರೆ ಏನು ಮಾಡಬೇಕು? ನನ್ನ ಅಭಿಪ್ರಾಯ ಇಷ್ಟೇ: ವಾಪಸ್ ಬಿಚ್ಚೋಕೆ ಆಗುವಂಥದ್ದನ್ನಷ್ಟೇ ಮಾಡಿ. ಹೊಸ ಬೇರಿಂಗು, ಹೊಸ ಆಯಿಲ್ ಸೀಲು, ಹೈಪಾಯ್ಡ್ ಹಲ್ಲಿಗೆ ಬೇಕಾದ ಸರಿಯಾದ ಗೇರ್ ಆಯಿಲ್, ಸ್ಪ್ರಿಂಗಿಗೆ ಹೊಸ ಬುಷ್. ಅಪ್‌ಗ್ರೇಡ್ ಬೇಕು ಅನ್ನಿಸೋ ಎಷ್ಟೋ ಕಾರುಗಳಿಗೆ ಬೇಕಿರೋದು ಇದೇ. ಅನುಪಾತ ಬದಲಿಸಲೇಬೇಕಂದ್ರೆ ಅದೇ ಹೌಸಿಂಗಿನೊಳಗೆ ಕೂರುವ ಜೋಡಿ ಹುಡುಕಿ, ಹಳೆಯದನ್ನ ಗ್ರೀಸ್ ಬಳಿದು ಎತ್ತಿಡಿ.

ಕುರ್ಲಾದ ಲೈನಿನಲ್ಲಿ ಈಗ ಪದ್ಮಿನಿ ಇಲ್ಲ. ಆದ್ರೆ ಆ ವಿದ್ಯೆ ಉಳಿದಿದೆ. ಮೈಸೂರಿನ ಹೂಟಗಳ್ಳಿಯಲ್ಲಿ, 1981ರಲ್ಲಿ ಕಲ್ಯಾಣಿ ಸಮೂಹ ಮತ್ತು ಅಮೆರಿಕದ ರಾಕ್‌ವೆಲ್ ಸೇರಿ ಕಟ್ಟಿದ ಆಟೊಮೋಟಿವ್ ಆಕ್ಸಲ್ಸ್ ಇಂದಿಗೂ ಲಾರಿಗಳಿಗೆ ಆಕ್ಸಲ್ ಮಾಡುತ್ತಿದೆ. ವಿಶ್ವೇಶ್ವರಯ್ಯನವರು ಕೇಳಿದ್ದ ಕಾರು ಕಾರ್ಖಾನೆ ಅವರ ಕಾಲದ ಮೈಸೂರಿಗೆ ಬರಲಿಲ್ಲ. ಅವರು ಮುಖ್ಯ ಅಂದಿದ್ದ ಕೆಲಸ, ತಯಾರಿಕೆ, ಬಂದಿದೆ.

ಮುಂದಿನ ವಾರ ಬೋರಿಬಂದರಿನ ಟ್ರಾಮ್ ಬಗ್ಗೆ ಮಾತಾಡೋಣ. ಅಲ್ಲಿವರೆಗೆ, ನಿಮ್ಮ ಮನೆಯ ಹಳೇ ಕಾರಿನ ಆರ್‌ಸಿ ಪುಸ್ತಕ ತೆಗೆದು ನೋಂದಣಿ ವರ್ಷ ನೋಡಿಡಿ.